ನಗಿಸಲು ಹೊರಟವನ ಪಾಡು

ಅಳಿಸುವುದು ಸುಲಭ, ನಗಿಸುವುದೇ ಕಷ್ಟ ಎಂದು ಹಿರಿಯರು ಹೇಳುವುದುಂಟು. ಈ ಮಾತಿನ ನಿಜ ನನಗೆ ಮನದಟ್ಟಾದದ್ದು ನನ್ನ ಸೋದರಳಿಯನಿಂದ. ಹಗಲೆಲ್ಲ ಲೆಕ್ಕಪತ್ರ ಬರೆಯುವ ಈ ಹುಡುಗನಿಗೆ ಸಂಜೆಯಾದರೆ ಸ್ಟ್ಯಾಂಡಪ್ ಕಾಮೆಡಿಯ ಗೀಳು. ವೇಷವಿಲ್ಲ, ಪರದೆಯಿಲ್ಲ, ಜೊತೆಗಾರನಿಲ್ಲ. ಧ್ವನಿವರ್ಧಕದ ಮುಂದೆ ಒಬ್ಬನೇ ನಿಂತು ಜನರನ್ನು ನಗಿಸಬೇಕು. ಹೊಸಬರಿಗೆಂದೇ ಬೆಂಗಳೂರಿನಲ್ಲಿ ‘ಓಪನ್ ಮೈಕ್’ ಎಂಬ ಸಂಜೆಗಳು ನಡೆಯುತ್ತವೆ. ಹೆಸರು ಕೊಟ್ಟವನಿಗೆ ದೊರೆಯುವುದು ಕೆಲವೇ ನಿಮಿಷ.

ಮೊದಲ ದಿನ ಮನೆಮಂದಿಯೆಲ್ಲ ಹೋಗಿ ಕುಳಿತೆವು. ಅವನು ಆರಿಸಿಕೊಂಡಿದ್ದ ವಿಷಯ ತಂದೆಯ ಕಿವುಡು. “ಕಾಫಿ ಆಯಿತೇ ಎಂದರೆ, ಪರೀಕ್ಷೆಯಲ್ಲಿ ಕಾಪಿ ಹೊಡೆದೆಯಾ ಎಂದು ಬೈಯುತ್ತಾರೆ!” ಎಂದು ಹೇಳಿ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ನಮ್ಮ ಭಾವನವರಿಗೆ ಅಂದು ಪ್ರತಿಯೊಂದು ಮಾತೂ ಕೇಳಿಸಿತ್ತು. ಮರುದಿನದಿಂದ ಊಟದ ಹೊತ್ತಿನಲ್ಲಿ ಅವರು ಮಾತನಾಡುವುದನ್ನೇ ಬಿಟ್ಟರು.

“ಇನ್ನು ಸಾಕು ಮಾವ” ಎಂದು ಹುಡುಗ ನನ್ನಲ್ಲಿಗೆ ಬಂದ. ನಾನು ಅವನಿಗೆ ಅಮೆರಿಕದ ಇಬ್ಬರ ಸಂಗತಿ ಹೇಳಿದೆ. ಜೆರ್ರಿ ಸೈನ್‌ಫೆಲ್ಡ್ 1976ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿ ವೇದಿಕೆ ಏರಿದಾಗ ಕಲಿತದ್ದೆಲ್ಲ ಮರೆತುಹೋಯಿತು. ವಿಷಯಗಳ ಹೆಸರನ್ನಷ್ಟೇ ಒಂದೊಂದಾಗಿ ಉಚ್ಚರಿಸಿ ಆತ ಇಳಿದುಬಂದ. ಸ್ಟೀವ್ ಮಾರ್ಟಿನ್ 2007ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತನ್ನ 18 ವರ್ಷಗಳ ಲೆಕ್ಕ ಕೊಟ್ಟಿದ್ದಾನೆ: ಕಲಿಯಲು 10, ತಿದ್ದಲು 4, ಗೆಲುವು ಕಂಡದ್ದು ಉಳಿದ 4.

ಲೆಕ್ಕದ ಹುಡುಗನಿಗೆ ಈ ಲೆಕ್ಕ ಹಿಡಿಸಿತು. ಅಂದಿನಿಂದ ತನ್ನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳತೊಡಗಿದ. ದೋಷಗಳು ತಾವಾಗಿಯೇ ಗೋಚರಿಸಿದವು. ಕೇಳುವವರಿಗಿಂತ ಮೊದಲೇ ತಾನು ನಗುತ್ತಿದ್ದ. ನಗೆ ಹುಟ್ಟಿಸುವ ಪದ ವಾಕ್ಯದ ಕೊನೆಯಲ್ಲಿರುವ ಬದಲು ನಡುವೆ ಸಿಕ್ಕಿಕೊಂಡಿತ್ತು. ಅಪರೂಪಕ್ಕೆ ಜನ ನಕ್ಕರೆ, ಆ ನಗೆ ಅಡಗುವ ಮುನ್ನವೇ ಮುಂದಿನ ಮಾತಿಗೆ ಓಡುತ್ತಿದ್ದ. ಒಂದೊಂದನ್ನೇ ತಿದ್ದಿದ, ಹತ್ತು ವಾಕ್ಯವಿದ್ದದ್ದು ಮೂರಕ್ಕಿಳಿಯಿತು.

ಯಂತ್ರ ಹೇಳದ ದೋಷವೊಂದನ್ನು ನಾನೇ ಹೇಳಬೇಕಾಯಿತು. “ಅಪ್ಪನ ಕಿವಿ ಅಪ್ಪನ ತಪ್ಪಲ್ಲವಪ್ಪ. ಆ ಮನೆಯಲ್ಲಿ ನಿನ್ನ ಪೆದ್ದುತನ ಏನೂ ಇಲ್ಲವೇ?” ಹುಡುಗ ಬಹಳ ಹೊತ್ತು ಸುಮ್ಮನಿದ್ದ.

ಆರು ತಿಂಗಳ ಬಳಿಕ ಭಾವನವರನ್ನು ಒತ್ತಾಯಿಸಿ ಮತ್ತೆ ಕರೆದೊಯ್ದೆ. ವಿಷಯ ಅದೇ, ಆದರೆ ಪೆಟ್ಟು ತಿನ್ನುವವನು ಬೇರೆ. “ಊಟಕ್ಕೆ ಬನ್ನಿ ಎಂದು ಮೂರು ಸಲ ಕೂಗಿದರೂ ಅಪ್ಪನಿಗೆ ಕೇಳಿಸದು. ಆ ಧೈರ್ಯದಿಂದ ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಗೆಳೆಯನೊಡನೆ ಪಿಸುಗುಟ್ಟಿದೆ: ಐವತ್ತು ಸಾವಿರ ಸಾಲವಾಗಿದೆ ಕಣೋ. ಹೊರಗಿನಿಂದ ಅಪ್ಪ ಕೇಳಿದರು: ಬಡ್ಡಿ ಎಷ್ಟು?”

ಸಭೆ ನಕ್ಕಿತು. ಹುಡುಗ ಕಾದ. ಎಲ್ಲರೂ ನಕ್ಕು ಮುಗಿಸಿದ ಮೇಲೂ ಒಂದು ನಗೆ ಮುಂದಿನ ಸಾಲಿನಲ್ಲಿ ಉಳಿದಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಭಾವನವರು ಮಾತನಾಡಿದರು.

“ಅದು ಸರಿಯಪ್ಪ, ಸಾಲ ತೀರಿತೇ?”