'ಒಂದು' ಎಂದರೆ ಯಾವುದು?

ಸಂಖ್ಯೆ ನಿಸರ್ಗದಲ್ಲಿದೆಯೇ, ಮನುಷ್ಯನ ಮನಸ್ಸಿನಲ್ಲಿದೆಯೇ? ತತ್ತ್ವಶಾಸ್ತ್ರದ ಚರ್ಚೆಗಷ್ಟೇ ಸೇರಿದ್ದೆಂದು ಕಾಣುವ ಈ ಪ್ರಶ್ನೆಗೂ ಮಲೆನಾಡಿನ ಕಾಡು, ಗುಡ್ಡಗಳ ಅಳಿವು ಉಳಿವಿಗೂ ನೇರ ನಂಟಿದೆ.

ನಿಸರ್ಗವೇ ಎಣಿಸುತ್ತದೆ ಎನ್ನುವವರಿಗೆ ಸಾಕ್ಷ್ಯಗಳ ಕೊರತೆಯಿಲ್ಲ. ಪಶ್ಚಿಮಘಟ್ಟದ ನೀಲಕುರಿಂಜಿ 12 ವರ್ಷಗಳಿಗೊಮ್ಮೆ ಹೂಬಿಟ್ಟು ಸಾಯುತ್ತದೆ. ಮುನ್ನಾರಿನ ಗುಡ್ಡಗಳಲ್ಲಿ 2006ರಲ್ಲಿ ಅರಳಿದ ಗಿಡಗಳ ಸಂತತಿ ಮತ್ತೆ ಅರಳಿದ್ದು 2018ರಲ್ಲಿ. ಅಮೆರಿಕದ ಕೆಲವು ಜೀರುಂಡೆಗಳು 13 ವರ್ಷ, ಇನ್ನು ಕೆಲವು 17 ವರ್ಷ ಮಣ್ಣಿನೊಳಗೆ ಬೇರಿನ ರಸ ಹೀರುತ್ತ ಬದುಕಿ, ಬಳಿಕ ಒಟ್ಟಾಗಿ ಹೊರಬರುತ್ತವೆ. ಇಂಥ ಎರಡು ತಂಡಗಳು 1803ರಲ್ಲಿ ಜೊತೆಯಾಗಿ ಹೊರಬಂದಿದ್ದವು. ಮತ್ತೆ ಜೊತೆಯಾದದ್ದು 2024ರಲ್ಲಿ. ನಡುವಿನ ಅಂತರ 221 ವರ್ಷ. 13ನ್ನು 17ರಿಂದ ಗುಣಿಸಿದಷ್ಟು.

ಆದರೆ ಆ ಹುಳು ಎಣಿಸುವುದು ಏನನ್ನು? ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವರ್ಷಕ್ಕೆ ಎರಡು ಬಾರಿ ಹೂಬಿಡುವಂತೆ ಮಾಡಿದ ಪೀಚ್ ಮರಗಳ ಬೇರಿನಲ್ಲಿ 17 ವರ್ಷದ ಜೀರುಂಡೆಯ ಮರಿಗಳನ್ನು ಬಿಡಲಾಯಿತು. ಅವು ಒಂದು ವರ್ಷ ಮೊದಲೇ ಹೊರಬಂದವು. ಹುಳು ಎಣಿಸಿದ್ದು ಮರದ ಋತುಚಕ್ರವನ್ನು. ನಿಸರ್ಗದಲ್ಲಿ ಲಯವಿದೆ, ಪ್ರಮಾಣವಿದೆ, ಮರುಕಳಿಕೆಯಿದೆ. ಅವೆಲ್ಲವೂ ಮರಕ್ಕೆ, ಮಣ್ಣಿಗೆ, ಮಳೆಗೆ ಅಂಟಿಕೊಂಡೇ ಇವೆ. ಅವುಗಳಿಂದ ಅಂಕಿಯನ್ನು ಬಿಡಿಸಿ ಕಾಗದಕ್ಕೆ ಇಳಿಸುವುದು ಮನುಷ್ಯನ ಮನಸ್ಸು.

ಹಾಗೆ ಇಳಿಸುವ ಮುನ್ನವೇ 'ಒಂದು' ಎಂದರೆ ಯಾವುದು ಎಂಬ ತೀರ್ಮಾನ ಆಗಿರುತ್ತದೆ. ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆಗೆ ಹರಡಿದೆ. ಮೂಲ ಕಾಂಡ ರೋಗಕ್ಕೆ ತುತ್ತಾಗಿ ಅಳಿದರೂ ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಅದು ಒಂದು ಮರವೋ, ಹಲವು ಮರಗಳೋ? ಬಿದಿರಿನ ಲೆಕ್ಕದಲ್ಲಿ ಮೆಳೆಯನ್ನು ಎಣಿಸಬೇಕೋ, ಗಳವನ್ನೋ? ಆಲವಾಗಲಿ ಬಿದಿರಾಗಲಿ ಉತ್ತರ ಹೇಳವು. ಎಣಿಸುವವರೇ ನಿರ್ಧರಿಸುತ್ತಾರೆ.

ಈ ನಿರ್ಧಾರ ಸರ್ಕಾರಿ ಕಡತವನ್ನು ಸೇರಿದಾಗ ಅದರ ಪರಿಣಾಮ ನೆಲದ ಮೇಲಾಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ, 1 ಹೆಕ್ಟೇರಿಗಿಂತ ವಿಸ್ತಾರವಾದ ನೆಲದ ಮೇಲೆ ಮರಗಳ ನೆತ್ತಿಯ ಹರಹು ಶೇ. 10ಕ್ಕಿಂತ ಹೆಚ್ಚಿದ್ದರೆ ಅದು 'ಅರಣ್ಯ ಹೊದಿಕೆ'. ಮರ ಯಾವ ಜಾತಿಯದು, ನೆಲ ಯಾರದು ಎಂಬ ಪ್ರಶ್ನೆ ಅಲ್ಲಿಲ್ಲ. 2023ರ ವರದಿಯು ದೇಶದ ಶೇ. 21.76 ಭಾಗದಲ್ಲಿ ಅರಣ್ಯ ಹೊದಿಕೆಯಿದೆ ಎನ್ನುವಾಗ, ಆ ಮೊತ್ತದಲ್ಲಿ ಅಕೇಶಿಯಾ ನೆಡುತೋಪೂ ನಿತ್ಯಹರಿದ್ವರ್ಣದ ಕಾಡೂ ಸೇರಿರುತ್ತವೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಕುದುರೆಮುಖದ ಸೀಮೆಯಲ್ಲಿ ಶೋಲಾ ಕಾಡುಗಳ ನಡುವೆ ಹಬ್ಬಿರುವ ಹುಲ್ಲುಗಾವಲಿಗೆ ಮಾತ್ರ, ಮರವಿಲ್ಲವೆಂಬ ಕಾರಣಕ್ಕೆ, ಅಲ್ಲಿ ಸ್ಥಾನವಿಲ್ಲ. ಆ ಹುಲ್ಲುಗಾವಲಿನ ಮೇಲೆ ಅಕೇಶಿಯಾ ನೆಟ್ಟರೆ ಹುಲ್ಲು ಅಳಿಯುತ್ತದೆ, ಅಂಕಿ ಏರುತ್ತದೆ! ಕಡಿದ ಒಂದು ಮರಕ್ಕೆ ಹತ್ತು ಸಸಿ ಎಂಬ ಭರವಸೆಯ ಹಿಂದಿರುವುದೂ ಇದೇ ಗಣಿತ.

ಲೆಕ್ಕವೇ ಬೇಡವೆಂದು ಇದರ ಅರ್ಥವಲ್ಲ. ಮಳೆಯ ಅಳತೆ, ಹೊಳೆಯ ಹರಿವಿನ ಅಳತೆಗಳಿಲ್ಲದೆ ಪರಿಸರ ಚಳವಳಿಗೆ ವಾದ ಹೂಡಲು ಆಧಾರವೇ ಇಲ್ಲ. ಆದರೆ ಎಣಿಕೆಯ ಘಟಕವನ್ನು ಆರಿಸುವ ಹಕ್ಕು ದೂರದ ಕಚೇರಿಯೊಂದಕ್ಕೇ ಸೇರಿರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗುವ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಊರಿನವರು ತಮ್ಮ ಹುಲ್ಲು, ಜೌಗು, ಬಳ್ಳಿ, ಹಕ್ಕಿಗಳನ್ನು ಹೆಸರು ಹಿಡಿದು ದಾಖಲಿಸಲು ಅಲ್ಲಿ ಅವಕಾಶವಿದೆ. ಮುಂದಿನ ಯೋಜನೆಯ ಕಡತ ಗ್ರಾಮಸಭೆಗೆ ಬಂದಾಗ, ಎಷ್ಟು ಮರ ಎಂದು ಕೇಳುವ ಮೊದಲು ಯಾವುದನ್ನು ಎಣಿಸಲಾಗಿದೆ, ಯಾವುದನ್ನು ಕೈಬಿಡಲಾಗಿದೆ ಎಂದು ಕೇಳಬೇಕಾದವರು ಅವರೇ.