ಅವಶೇಷ ಅಂದ್ರೆ…

ಮೊನ್ನೆ ಆಫೀಸಿನಲ್ಲಿ ಗೆಳೆಯನೊಬ್ಬ ‘ಡೆಬ್ರಿಗೆ ಕನ್ನಡದಲ್ಲಿ ಏನಂತಾರೋ?’ ಅಂದ. ‘ಅವಶೇಷ’ ಅಂದೆ. ಆಮೇಲೆ ತಲೆಯಲ್ಲಿ ಹುಳ ಕೊರೆಯಲು ಶುರು.

ಡೆಬ್ರಿ ಫ್ರೆಂಚ್ ಪದ. ಅದರ ಮೂಲದಲ್ಲಿರೋದು ‘ಬ್ರಿಸೇ’, ಅಂದ್ರೆ ಒಡೆಯುವುದು. ನಮ್ಮ ಅವಶೇಷ ಸಂಸ್ಕೃತದ ‘ಶಿಷ್’ ಧಾತುವಿನದು, ಅಂದ್ರೆ ಉಳಿಯುವುದು. ಶಾಲೆಯಲ್ಲಿ ಭಾಗಾಕಾರ ಮಾಡಿದಾಗ ಕೊನೆಗೆ ಶೇಷ ಉಳೀತಿತ್ತಲ್ಲ, ಅದೇ! ಆ ಪದ ಒಡೆದದ್ದನ್ನು ನೋಡುತ್ತೆ, ನಮ್ಮದು ಉಳಿದದ್ದನ್ನು.

ಇದು ಬರೀ ಪದದಾಟ ಅಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟಡ ಕುಸಿದಾಗ ಹಲವರು ಸತ್ತರು. ಆದರೆ ಎರಡು ದಿನ ಕಳೆದ ಮೇಲೂ ಅವಶೇಷಗಳಡಿಯಿಂದ ಜನ ಜೀವಂತ ಹೊರಬಂದರು. ಯಾರೋ ಉಳಿದಿರಬಹುದು ಅಂತ ಅಗೆಯುವ ಜಾಗಕ್ಕೆ ಡೆಬ್ರಿಗಿಂತ ಅವಶೇಷವೇ ಸರಿ ಅಂತ ನನ್ನ ಅನಿಸಿಕೆ. ನೀವೇನಂತೀರಿ?