ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರಿದೆಯೇ?

ಬಾಡಿಗೆ ಮನೆಯಲ್ಲಿರುವ ಗೃಹಿಣಿಯರಿಗೆ ಒಂದು ಪ್ರಶ್ನೆ. ನಿಮ್ಮ ಮನೆಯ ಕರಾರು ಪತ್ರವನ್ನು ನೀವು ಕೊನೆಯ ಸಲ ಓದಿದ್ದು ಯಾವಾಗ? "ಅದೆಲ್ಲ ಇವರೇ ನೋಡಿಕೊಳ್ಳುವುದು, ಕಪಾಟಿನಲ್ಲಿ ಎಲ್ಲೋ ಉಂಟು" ಅನ್ನುವವರೇ ನಮ್ಮಲ್ಲಿ ಹೆಚ್ಚು. ನಳ್ಳಿಯಲ್ಲಿ ನೀರು ಬಾರದಿದ್ದರೆ ಧಣಿಗಳ ಬಾಗಿಲು ತಟ್ಟುವವರು ನಾವು. ಆಟಿ ತಿಂಗಳ ಮಳೆಗೆ ಮಾಡು ಸೋರಿದರೆ ಅಡಿಗೆ ಪಾತ್ರೆ ಇಡುವವರೂ ನಾವೇ. ಪತ್ರದಲ್ಲಿ ಮಾತ್ರ ನಮ್ಮ ಹೆಸರಿಲ್ಲ!

ಸಂಸಾರ ಸರಿಯಾಗಿ ನಡೆಯುವಾಗ ಇದೊಂದು ವಿಷಯವೇ ಅಲ್ಲ. ಆದರೆ ನಮ್ಮ ಮಂಗಳೂರಿನಲ್ಲಿ ಗಂಡ ದುಬೈಯಲ್ಲೋ ಮಸ್ಕತ್‌ನಲ್ಲೋ ಇದ್ದು, ಹೆಂಡತಿ ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿರುವ ಕುಟುಂಬಗಳು ಎಷ್ಟಿಲ್ಲ? ಅವನು ಹಣ ಕಳಿಸುವುದು ನಿಲ್ಲಿಸಿದರೆ, ಅಥವಾ ಮನೆ ಬೇಡವೆಂದು ಧಣಿಗಳಿಗೆ ಫೋನ್ ಮಾಡಿಬಿಟ್ಟರೆ, ಆಗ ಆ ಹೆಂಗಸು ಯಾವ ಲೆಕ್ಕದಲ್ಲಿ ಒಳಗಿರುವುದು?

ಇದೇ ಪ್ರಶ್ನೆ ಬೆಂಗಳೂರಿನ ಒಂದು ಮನೆಯಿಂದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಬಾಡಿಗೆದಾರ ಗಂಡ ಹೆಂಡತಿಯನ್ನು ಬಿಟ್ಟು ಹೋಗಿದ್ದ, ಮಾಲೀಕರು ಮನೆ ಬಿಡಿಸಲು ದಾವೆ ಹಾಕಿದ್ದರು. ಒಳಗೆ ವಾಸವಿದ್ದ ಹೆಂಡತಿ, ನನ್ನ ಮಾತನ್ನೂ ಕೇಳಿ ಅಂತ ಅರ್ಜಿ ಕೊಟ್ಟರು. 2005ರ ಫೆಬ್ರವರಿಯಲ್ಲಿ ಬಂದ ತೀರ್ಪು ನಾವೆಲ್ಲ ತಿಳಿದಿರಬೇಕಾದದ್ದು. ಗಂಡ ತ್ಯಜಿಸಿದ ಹೆಂಡತಿ ಅವನ ಬದಲಿಗೆ ನಿಂತು ಆ ದಾವೆಯನ್ನು ಎದುರಿಸಬಹುದು ಎಂದಿತು ನ್ಯಾಯಾಲಯ. ಆದರೆ ಎರಡು ಶರತ್ತು. ಗಂಡ ತಾನೇ ಹೋರಾಡುವುದನ್ನು ಕೈಬಿಟ್ಟು ಅದರಿಂದ ಅವಳಿಗೆ ತೊಂದರೆ ಆಗುವಂತಿರಬೇಕು. ಗಂಡನಿಗೆ ಕಾನೂನಿನಲ್ಲಿ ಎಷ್ಟು ಹಕ್ಕಿತ್ತೋ ಅವಳಿಗೂ ಅಷ್ಟೇ, ಒಂದು ಕೂದಲೆಳೆಯೂ ಹೆಚ್ಚಿಲ್ಲ.

ಆದರೂ ಆ ಮಹಿಳೆಗೆ ಕೊನೆಗೆ ಮನೆ ಉಳಿಯಲಿಲ್ಲ. ಅಷ್ಟರಲ್ಲಿ ಅವರಿಗೆ ವಿಚ್ಛೇದನ ಆಗಿತ್ತು. ವಿಚ್ಛೇದನ ಆದ ಮೇಲೆ ಹೆಂಡತಿ ಎಂಬ ನೆಲೆಯಲ್ಲಿ ಇದ್ದ ಈ ಹಕ್ಕು ಹೋಗುತ್ತದೆ. ಏನಿದ್ದರೂ ವಿಚ್ಛೇದನದ ತೀರ್ಪಿನಲ್ಲೋ ಒಪ್ಪಂದದಲ್ಲೋ ಬರೆದಿರಬೇಕು. ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವಾಗ ಚಿನ್ನ, ಪಾತ್ರೆ, ಮಕ್ಕಳ ಫೀಸು ಎಲ್ಲ ಬರೆಸುತ್ತೇವೆ. ನಾಳೆಯಿಂದ ಎಲ್ಲಿ ವಾಸ ಅನ್ನುವುದನ್ನು ಬರೆಸಲು ಮರೆಯುತ್ತೇವೆ.

ಅದೇ ವರ್ಷ ಸಂಸತ್ತು ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾಡಿತು, 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ 'ಹಂಚಿಕೊಂಡ ಮನೆ' ಎಂದರೆ ಸ್ವಂತ ಮನೆ ಮಾತ್ರವಲ್ಲ, ಬಾಡಿಗೆ ಮನೆಯೂ ಹೌದು, ಕರಾರು ಯಾರ ಹೆಸರಿನಲ್ಲೇ ಇರಲಿ. ಅತ್ತೆಮಾವಂದಿರ ಹೆಸರಿನ ಮನೆಯೂ ಇದರಲ್ಲಿ ಬರಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೌರ್ಜನ್ಯಕ್ಕೆ ಒಳಗಾದವಳಿಗೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕೊಡು ಅಂತ ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶಿಸಬಹುದು. ಗಮನಿಸಿ, ಆದೇಶ ಗಂಡನಿಗೆ. ಬಾಡಿಗೆ ಬಾರದೆ ಕೂತ ಮನೆಯ ಧಣಿಗಳೇನೂ ಅದರಿಂದ ಕಟ್ಟುಬೀಳುವುದಿಲ್ಲ.

ಅದಕ್ಕೇ ನಾನು ಹೇಳುವುದು, ಮುಂದಿನ ಸಲ ಕರಾರು ನವೀಕರಿಸುವಾಗ ಇಬ್ಬರ ಹೆಸರನ್ನೂ ಬಾಡಿಗೆದಾರರೆಂದು ಬರೆಸಿ. ಇ-ಸ್ಟಾಂಪ್ ಕಾಗದದಲ್ಲಿ ಇನ್ನೊಂದು ಸಾಲು, ಇನ್ನೊಂದು ಸಹಿ, ಅಷ್ಟೇ. 'ನಂಬಿಕೆ ಇಲ್ಲವಾ' ಅಂತ ಮನೆಯಲ್ಲಿ ಕೇಳಿದರೆ, ಇವರು ಊರಲ್ಲಿಲ್ಲದಾಗ ಧಣಿಗಳ ಹತ್ತಿರ ಮಾತಾಡಲು ಸುಲಭ ಅನ್ನಿ. ಅದೂ ಸುಳ್ಳೇನಲ್ಲ. ಬಾಡಿಗೆಯ ಹೊಣೆಯೂ ಆಗ ನಿಮ್ಮ ಮೇಲೆ ಬರುತ್ತದೆ, ಅದನ್ನು ತಿಳಿದೇ ಸಹಿ ಹಾಕಿ.

ಇನ್ನು ಕರಾರಿನ ಒಳಗೇನಿದೆ ನೋಡಿ. ಹನ್ನೊಂದು ತಿಂಗಳೇ ಯಾಕೆ ಅಂದರೆ, ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಬೇಕು, ಆ ಖರ್ಚು ಯಾರಿಗೂ ಬೇಡ. ರಾಜ್ಯದ 1999ರ ಬಾಡಿಗೆ ಕಾಯ್ದೆ ನಮ್ಮನ್ನು ಕಾಯುತ್ತದೆ ಅಂದುಕೊಂಡವರು ಬಹಳ. ಆದರೆ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ದೊಡ್ಡ ನಗರಗಳಲ್ಲೂ ಅನ್ವಯಿಸುವುದಿಲ್ಲ, ಉಳಿದ ಕಡೆ ಮಿತಿ 2,000. ಈಗ ಕದ್ರಿ, ಬಿಜೈಯಲ್ಲಿ ಅಷ್ಟಕ್ಕೆ ಒಂದು ಕೋಣೆ ಸಿಕ್ಕೀತೇ? ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಕರಾರಿನಲ್ಲಿ ಬೇರೆ ಹೇಳದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಲಿಖಿತವಾಗಿ ಹದಿನೈದು ದಿನಗಳ ನೋಟಿಸು ಸಾಕು. ಮಕ್ಕಳ ಪರೀಕ್ಷೆಯ ಸಮಯದಲ್ಲಿ ಹದಿನೈದು ದಿನ ಅಂದರೆ ಏನೆಂದು ನಿಮಗೆ ಗೊತ್ತು! ಎರಡು ಮೂರು ತಿಂಗಳ ನೋಟಿಸು ಎಂದು ಮೊದಲೇ ಬರೆಸಿಕೊಳ್ಳಿ.

(ಹಳೇ ಪೇಟೆಯ ಮೂಲಗೇಣಿ ಮನೆಯವರಿಗೆ ಈ ಮಾತು ಹೊಂದುವುದಿಲ್ಲ. ಅವರದು ತಲೆಮಾರಿನ ಹಕ್ಕು, ಅದಕ್ಕೆ 2011ರ ಪ್ರತ್ಯೇಕ ಕಾಯ್ದೆಯೇ ಇದೆ. ಅದನ್ನು ಇನ್ನೊಮ್ಮೆ ಬರೆಯುವೆ.)

ನೋಟಿಸು ಬಂತೆಂದು ಅಂದೇ ಗಂಟುಮೂಟೆ ಕಟ್ಟಬೇಕಿಲ್ಲ. ನೀವು ಬಿಡದಿದ್ದರೆ ಧಣಿಗಳು ಕೋರ್ಟಿಗೇ ಹೋಗಬೇಕು. ಬೀಗ ಹಾಕುವುದು, ಸಾಮಾನು ಹೊರಗಿಡುವುದು ಕಾನೂನಲ್ಲ. ಹಾಗೆ ಹೊರಹಾಕಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಸ್ವಾಧೀನ ಮರಳಿ ಕೇಳಬಹುದು. ಅಡ್ವಾನ್ಸ್ ವಿಷಯದಲ್ಲಿ, ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯಬಾರದೆಂದು 2021ರ ಕೇಂದ್ರದ ಮಾದರಿ ಕಾಯ್ದೆ ಹೇಳುತ್ತದೆ. ಮಾದರಿ ಅಷ್ಟೇ, ರಾಜ್ಯ ತಾನು ಕಾನೂನು ಮಾಡದೆ ಅದು ಜಾರಿಯಾಗದು. ಕೊಟ್ಟ ಮೊತ್ತಕ್ಕೆ ರಶೀದಿ ಇರಲಿ. ಬಾಡಿಗೆ ಆದಷ್ಟು ಬ್ಯಾಂಕ್ ಮೂಲಕ, ಸಾಧ್ಯವಾದರೆ ನಿಮ್ಮ ಖಾತೆಯಿಂದಲೇ ಹೋಗಲಿ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವವರಿಗೆ ಒಂದು ಮಾಹಿತಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಇದಕ್ಕೆ ಆದಾಯದ ಮಿತಿ ಇಲ್ಲ. ಮಂಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಹೋಗುವಾಗ ಕಪಾಟಿನಲ್ಲಿರುವ ಆ ಕರಾರು ಪತ್ರದ ಪ್ರತಿಯೊಂದು ಕೈಯಲ್ಲಿರಲಿ.